ಬಿಡಿಭಾಗಗಳ ಸೀಮೆಯಲ್ಲಿ

ನಮ್ಮ ಕಡೆಯ ಜನ ಕೊಯಮತ್ತೂರನ್ನು ದಾಟಿ ಹೋಗುವವರೇ ಹೊರತು ಅದನ್ನೇ ನೋಡಬೇಕೆಂದು ಹೋಗುವವರಲ್ಲ. ಪಳನಿಗೆ ಹರಕೆ ಹೊತ್ತವರು, ಗುರುವಾಯೂರಿಗೆ ಮಗುವಿನ ಅನ್ನಪ್ರಾಶನಕ್ಕೆಂದು ಹೊರಟವರು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರು, ಇವರೆಲ್ಲರಿಗೂ ಅದು ಬಸ್ಸು ಬದಲಾಯಿಸುವ ಊರು. ಗೋಪುರ, ಶಿಲ್ಪ, ಜಲಪಾತಗಳನ್ನು ಮಾತ್ರವೇ ಪ್ರೇಕ್ಷಣೀಯವೆಂದೆಣಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿರುವುದರಿಂದ, ಎರಕದ ಮನೆ, ಲೇತಿನ ಶೆಡ್ಡು, ಗುಜರಿಯ ರಾಶಿಗಳೂ ಒಂದು ನಾಡಿನ ಮನೋಧರ್ಮವನ್ನು ದೇವಾಲಯಗಳಷ್ಟೇ ಸ್ಪಷ್ಟವಾಗಿ ಹೇಳಬಲ್ಲವೆಂಬುದು ನಮಗೆ ಸುಲಭವಾಗಿ ತೋಚುವುದಿಲ್ಲ. ನವರಾತ್ರಿಗೆಂದು ತಂಗಿಯ ಮನೆಗೆ ಹೊರಟಿದ್ದ ನನಗೆ ಆ ದರ್ಶನವನ್ನು ಮಾಡಿಸಿದವನು ಅವಳ ಮಗ. ಅದಕ್ಕೆ ನಿಮಿತ್ತವಾದದ್ದು, ಹೇಳಿದರೆ ನಗು ಬಂದೀತು, ಒಂದು ಆಟಿಕೆಯ ಬಂದೂಕು.

ಚಾಮರಾಜನಗರವನ್ನು ಬಿಟ್ಟು ಪುಣಜನೂರು, ಹಾಸನೂರುಗಳ ಕಾಡನ್ನು ಕಳೆದ ಮೇಲೆ ದಿಂಬಂ ಘಟ್ಟ ತೆರೆದುಕೊಳ್ಳುತ್ತದೆ. ಅಲ್ಲಿಯ 27 ತಿರುವುಗಳನ್ನು ಬಸ್ಸು ಏದುಸಿರು ಬಿಡುತ್ತ ಇಳಿಯುವಾಗ, ಒಂದೊಂದು ತಿರುವಿನಲ್ಲಿಯೂ ಕೆಳಗಿನ ಬಯಲು ಕಿಂಚಿತ್ತು ಹತ್ತಿರವಾಗುತ್ತ, ಬಿಸಿಲು ಕಿಂಚಿತ್ತು ತೀಕ್ಷ್ಣವಾಗುತ್ತ ಬಂದು, ಬಣ್ಣಾರಿ ಅಮ್ಮನ ಗುಡಿಯೆದುರು ನಿಂತಾಗ ನಾವು ಬೇರೊಂದು ಹವೆಯಲ್ಲಿರುತ್ತೇವೆ. ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರುಗಳ ದಾರಿಯಲ್ಲಿ ತೆಂಗು, ಬಾಳೆ, ಜೋಳದ ಹೊಲಗಳ ನಡುವೆ ಎಲ್ಲೆಲ್ಲಿಯೂ ಕಾಣುವುದು ಬಾವಿ; ಬಾವಿಯೆಂದರೆ ಪಂಪು; ಪಂಪೆಂದರೆ ಕೊಯಮತ್ತೂರು. ಮಳೆ ಕಡಮೆಯಾದ ಈ ಸೀಮೆಯ ರೈತನು ಪಾತಾಳದಿಂದ ನೀರೆತ್ತಬೇಕಾದ ಅಗತ್ಯವೇ ಅಲ್ಲಿಯ ಅರ್ಧ ಕಾರ್ಖಾನೆಗಳಿಗೆ ಮೂಲ.

ತಂಗಿಯನ್ನು ಕೊಟ್ಟಿರುವ ಮನೆ ದೇವಾಂಗರದು. ಕೊಯಮತ್ತೂರಿನ ದೇವಾಂಗರು ತಲೆಮಾರುಗಳ ಹಿಂದೆ ಮಗ್ಗ ಹೊತ್ತು ಕನ್ನಡ ನಾಡಿನಿಂದ ಇಳಿದು ಬಂದವರು; ಬೀದಿಯಲ್ಲಿ ತಮಿಳು, ಮನೆಯೊಳಗೆ ಇಂದಿಗೂ ಕನ್ನಡ. ಆ ಕನ್ನಡದಲ್ಲಿ ತಮಿಳಿನ ಸೊಲ್ಲು ಧಾರಾಳವಾಗಿ ಬೆರೆತಿದ್ದರೂ ಅಜ್ಜಿಯರ ಬಾಯಲ್ಲಿ ನಮ್ಮ ಊರುಗಳಲ್ಲಿ ಈಗ ಕೇಳಸಿಗದ ಹಳೆಯ ಮಾತುಗಳು ಹಾಗೆಯೇ ಉಳಿದಿವೆ. ಈ ಮನೆಯ ಮಗ್ಗ ಎಂದೋ ನಿಂತುಹೋಗಿ, ಅದರ ಗುಂಡಿಯನ್ನು ಮುಚ್ಚಿ ಸಿಮೆಂಟು ಬಳಿದು, ಆ ಜಾಗದಲ್ಲಿ ಹುಡುಗನ ಮೇಜು ಬಂದಿತ್ತು. ಆ ಮೇಜಿನ ಮೇಲೆ, ಹಳೆಯ ದಿನಪತ್ರಿಕೆಯ ಹಾಸಿನಲ್ಲಿ, ಶವಪರೀಕ್ಷೆಗೆಂದು ತೆರೆದಿಟ್ಟಂತೆ ಮೂರು ಬಂದೂಕುಗಳ ಅಂಗಾಂಗಗಳು ಬಿಡಿಬಿಡಿಯಾಗಿ ಬಿದ್ದಿದ್ದವು.

“ಹೆದರಬೇಡಿ ಮಾಮ, ಒಂದೂ ನಿಜವಾದದ್ದಲ್ಲ” ಎಂದು ಹುಡುಗ ನಕ್ಕ.

“ಅಣ್ಣ, ನೀನಾದರೂ ಹೇಳು. ಪರೀಕ್ಷೆ ಹತ್ತಿರ ಬಂತು, ಇವನು ಇದರಲ್ಲೇ ಮುಳುಗಿದ್ದಾನೆ” ಎಂದು ಅಡಿಗೆಮನೆಯಿಂದ ತಂಗಿಯ ದನಿ ಬಂತು.

ಏರ್‌ಸಾಫ್ಟ್ ಎಂಬ ಈ ಕ್ರೀಡೆಯ ವೃತ್ತಾಂತವನ್ನು ಅವನಿಂದಲೇ ಕೇಳಿ ತಿಳಿದುಕೊಂಡೆ. ಬಂದೂಕನ್ನಿಟ್ಟುಕೊಳ್ಳಲು ಸಾಮಾನ್ಯ ಪ್ರಜೆಗೆ ಅವಕಾಶವೇ ಇಲ್ಲವೆನ್ನುವಷ್ಟು ಕಾನೂನು ಬಿಗಿಯಾಗಿದ್ದ ಜಪಾನಿನಲ್ಲಿ, 1970ರ ದಶಕದಲ್ಲಿ, ಬಂದೂಕಿನ ಆಕಾರವನ್ನು ಮೆಚ್ಚುವವರ ಹಂಬಲವನ್ನು ತಣಿಸಲೆಂದು ಹುಟ್ಟಿದ ಆಟಿಕೆಯಂತೆ ಇದು. ಹಾರಿಸುವುದು 6 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಲಿಯನ್ನು. ಅದರ ತೂಕ ಬಹುಮಟ್ಟಿಗೆ ಒಂದು ಗ್ರಾಮಿನ ಐದರಲ್ಲೊಂದು ಪಾಲು. 1991ರಲ್ಲಿ ತೋಕಿಯೋ ಮಾರುಯಿ ಎಂಬ ಕಂಪನಿ ವಿದ್ಯುತ್ ಮೋಟಾರಿನಿಂದ ನಡೆಯುವ ಮಾದರಿಯನ್ನು ಹೊರತಂದ ಮೇಲೆ ಅದು ಹಲವು ದೇಶಗಳಲ್ಲಿ ಹರಡಿತು. ಇಷ್ಟು ಇತಿಹಾಸ. ನನಗೆ ಇದಕ್ಕಿಂತ ಹೆಚ್ಚು ರುಚಿಸಿದ್ದು ಅದರ ಹೊಟ್ಟೆಯೊಳಗಿನ ವ್ಯವಸ್ಥೆ. ಹೆಬ್ಬೆರಳಿನಷ್ಟು ಮೋಟಾರು ಮೂರು ಹಲ್ಲುಚಕ್ರಗಳನ್ನು ಒಂದರ ಹಿಂದೊಂದಾಗಿ ತಿರುಗಿಸುತ್ತದೆ; ಕೊನೆಯ ಚಕ್ರಕ್ಕೆ ಸುತ್ತಲೂ ಹಲ್ಲಿಲ್ಲ, ಅರ್ಧಕ್ಕೆ ಮಾತ್ರ. ಹಲ್ಲಿರುವ ಭಾಗ ಪಿಸ್ಟನ್ನನ್ನು ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತದೆ. ಬೋಳು ಭಾಗ ಬಂದೊಡನೆ ಹಿಡಿತ ತಪ್ಪಿ, ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ಚಿಮ್ಮಿಸಿ, ಒಳಗಿನ ಗಾಳಿ ಸಿಡಿಯುತ್ತದೆ. ಹಿಡಿದದ್ದನ್ನು ಬಿಡಬೇಕಾದ ಕ್ಷಣಕ್ಕೆ ಸರಿಯಾಗಿ ಬಿಡುವ ಆ ಅರ್ಧ ಚಕ್ರವನ್ನು ಯೋಚಿಸಿ ತೆಗೆದವನು ಯಾರೋ, ಅವನ ಬುದ್ಧಿಗೆ ನಮಸ್ಕಾರ.

ಹುಡುಗನ ಉದ್ದೇಶ ಬಂದೂಕನ್ನು ಕೊಳ್ಳುವುದಲ್ಲ, ಕೂಡಿಸುವುದು. ಮೈ ಸೀಳಿಹೋದ ಒಂದರಿಂದ ಗಿಯರ್ ಪೆಟ್ಟಿಗೆ, ಸ್ಪ್ರಿಂಗು ಮುರಿದ ಇನ್ನೊಂದರಿಂದ ಗಿಡ್ಡನೆಯ ಹೊರಮೈ, ಮಕ್ಕಳ ರಿಮೋಟ್ ಕಾರಿನಿಂದ ಬ್ಯಾಟರಿ, ಹೀಗೆ ಎರವಲು ಅಂಗಗಳನ್ನು ಸೇರಿಸಿ, ಮೊಳದುದ್ದಕ್ಕಿಂತಲೂ ಚಿಕ್ಕದಾದ, ಅಂಗಡಿಯಲ್ಲಿ ಎಲ್ಲಿಯೂ ಸಿಕ್ಕದ ಒಂದು ಮಾದರಿಯನ್ನು ಮಾಡಬೇಕೆಂಬುದು ಅವನ ಸಂಕಲ್ಪ. ಹೀಗೆ ಒಡಲು ಕೊಟ್ಟವುಗಳನ್ನು ಅವನು ‘ಡೋನರ್’ ಎನ್ನುತ್ತಿದ್ದ.

ನನಗಿದ್ದ ಶಂಕೆ ಕಾನೂನಿನದು. ನಮ್ಮ ದೇಶದಲ್ಲಿ 2016ರ ಆಯುಧ ನಿಯಮಗಳು ಗಾಳಿಬಂದೂಕಿಗೆ ಎರಡು ಗೆರೆ ಎಳೆದಿವೆ: ನಳಿಗೆ 4.5 ಮಿಲಿಮೀಟರಿಗೆ ಮೀರಬಾರದು, ಶಕ್ತಿ 20 ಜೂಲಿಗೆ ಮೀರಬಾರದು; ಮೀರಿದರೆ ಪರವಾನಗಿ ಬೇಕು. ಏರ್‌ಸಾಫ್ಟ್ ಆಟಿಕೆಯ ಶಕ್ತಿ ಸಾಧಾರಣವಾಗಿ ಒಂದು ಜೂಲಿನ ಆಸುಪಾಸು, ಅಂದರೆ ಎರಡನೆಯ ಗೆರೆಯಿಂದ ಬಹುದೂರ. ಆದರೆ 6 ಮಿಲಿಮೀಟರ್ ನಳಿಗೆ ಮೊದಲನೆಯ ಗೆರೆಯನ್ನು ದಾಟಿಯೇ ಬಿಡುತ್ತದೆ. ಜೊತೆಗೆ, ನಿಜವಾದದ್ದರ ಪಡಿಯಚ್ಚಿನಂತಿರುವ ವಸ್ತುವನ್ನು ಬಸ್ ನಿಲ್ದಾಣದಲ್ಲಿ ಕೈಯಲ್ಲಿ ಹಿಡಿದು ನಿಂತವನಿಗೆ ಜೂಲಿನ ಲೆಕ್ಕವನ್ನು ಪೊಲೀಸರ ಮುಂದೆ ವಿವರಿಸುವ ವ್ಯವಧಾನ ಸಿಕ್ಕೀತೆಂದು ನಂಬಲಾಗದು. ಇದನ್ನೆಲ್ಲ ಹೇಳಿದಾಗ ಹುಡುಗ ಸುಮ್ಮನಾದ. ಒಪ್ಪಿದನೋ ಇಲ್ಲವೋ ಆಗ ತಿಳಿಯಲಿಲ್ಲ.

ಮರುದಿನ ಉಕ್ಕಡದ ಕಡೆಯ ಹಳೆ ಕಬ್ಬಿಣದ ಅಂಗಡಿಗಳಿಗೆ ಅವನೊಡನೆ ಹೋದೆ. ಗುಜರಿಯೆಂದರೆ ತುಕ್ಕಿನ ರಾಶಿಯೆಂದು ತಿಳಿದವರು ಅಲ್ಲಿ ಒಂದು ಗಂಟೆ ನಿಲ್ಲಬೇಕು. ಸುಟ್ಟ ಮೋಟಾರುಗಳ ತಾಮ್ರವನ್ನು ಬಿಚ್ಚಿ ಬೇರೆ ಮಾಡುವವನೊಬ್ಬ, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಸದ್ದಿನಿಂದಲೇ ಒಳ್ಳೆಯದು ಕೆಟ್ಟದು ಎಂದು ಎರಡು ಡಬ್ಬಿಗೆ ಹಾಕುವವನೊಬ್ಬ. ಗಿರಾಕಿಯು ಇಂಥದೇ ಬೇಕೆಂದು ಅಲ್ಲಿಗೆ ಹೋಗುವುದಿಲ್ಲ. ಇದ್ದದ್ದನ್ನು ನೋಡಿದ ಮೇಲೆ ತನಗೆ ಬೇಕಾದದ್ದು ಏನೆಂದು ಅವನಿಗೆ ತಿಳಿಯುತ್ತದೆ. ನನ್ನ ಸೋದರಳಿಯ ಅಲ್ಲಿಂದ ಒಂದು ತುಂಡು ಹಿತ್ತಾಳೆ ಸರಳನ್ನು ತೂಕ ಹಾಕಿಸಿಕೊಂಡು ಬಂದ.

ಅದೇ ದಿನ ಮಧ್ಯಾಹ್ನ ಅವಿನಾಶಿ ರಸ್ತೆಯಲ್ಲಿರುವ ಜಿ. ಡಿ. ನಾಯುಡು ಅವರ ವಸ್ತು ಪ್ರದರ್ಶನಕ್ಕೆ ಹೋದೆವು. ಕೊಯಮತ್ತೂರಿನ ಬಳಿಯ ಕಲಂಗಲ್ ಗ್ರಾಮದಲ್ಲಿ 1893ರಲ್ಲಿ ಹುಟ್ಟಿ 1974ರಲ್ಲಿ ಕಾಲವಾದ ಈ ಪುರುಷನ ಚರಿತ್ರೆಯನ್ನು ಕನ್ನಡಿಗರು ವಿಶ್ವೇಶ್ವರಯ್ಯನವರ ಚರಿತ್ರೆಯ ಪಕ್ಕದಲ್ಲಿಟ್ಟು ಓದಬೇಕು. ಇಬ್ಬರಿಗೂ ಯಂತ್ರದಲ್ಲಿ ನಿಷ್ಠೆ, ಆದರೆ ಒಬ್ಬರು ವಿದ್ಯಾಲಯದ ಮಾರ್ಗದಿಂದ ಬಂದವರು, ಇನ್ನೊಬ್ಬರು ಪ್ರಾಥಮಿಕ ಶಾಲೆಯಲ್ಲಿಯೇ ವಿದ್ಯಾಭ್ಯಾಸಕ್ಕೆ ಮಂಗಳ ಹಾಡಿದವರು. ಹರೆಯದಲ್ಲಿ ಒಮ್ಮೆ ಇಂಗ್ಲಿಷ್ ಅಧಿಕಾರಿಯ ಮೋಟಾರ್ ಸೈಕಲ್ಲನ್ನು ಕಂಡು ಮೋಹಗೊಂಡ ನಾಯುಡು, ಕೊಯಮತ್ತೂರಿನ ಹೋಟೆಲೊಂದರಲ್ಲಿ ಮಾಣಿಯಾಗಿ ದುಡಿದು ಹಣ ಕೂಡಿಸಿ, ಕಡೆಗೆ ಅಂಥದೊಂದನ್ನು ಕೊಂಡುಕೊಂಡರಂತೆ. ಕೊಂಡವರು ಅದನ್ನೇರಿ ಊರು ಸುತ್ತುವ ಬದಲು ಬಿಚ್ಚಿ ಹರಡಿ, ಒಂದೊಂದು ಅಂಗದ ಪ್ರಯೋಜನವನ್ನು ಗ್ರಹಿಸಿಕೊಂಡು, ಮರಳಿ ಜೋಡಿಸುವುದರಲ್ಲಿ ತೊಡಗಿದರು. ಆ ಬಿಚ್ಚುವಿಕೆಯೇ ಅವರ ಕಾಲೇಜು. 1920ರಲ್ಲಿ ಒಂದು ಬಸ್ಸನ್ನು ಕೊಂಡು ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಲಾರಂಭಿಸಿ, ಅದನ್ನು ಯುನಿವರ್ಸಲ್ ಮೋಟಾರ್ ಸರ್ವಿಸ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಸಿದರು.

ಪ್ರದರ್ಶನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪುಟ್ಟ ಯಂತ್ರಗಳು. ಒಣ ಬ್ಯಾಟರಿಯಿಂದ ನಡೆಯುವ, ಅಂಗೈಯಲ್ಲಿ ಹಿಡಿಯಬಹುದಾದ ‘ರಸಂತ್’ ಎಂಬ ಕ್ಷೌರಯಂತ್ರ. ವಿದ್ಯುತ್ತಿಲ್ಲದ ಮನೆಗೆಂದು ಸೀಮೆಎಣ್ಣೆಯಿಂದ ತಿರುಗುವ ಫ್ಯಾನು. ಹಣ್ಣಿನ ರಸ ತೆಗೆಯುವ ಸಾಧನ. ಐದು ವಾಲ್ವಿನ ರೇಡಿಯೋವನ್ನು 70 ರೂಪಾಯಿಗೆ ಕೊಡಬಲ್ಲೆನೆಂದು 1941ರಲ್ಲಿ ಘೋಷಿಸಿದ್ದೂ, ಇಬ್ಬರು ಕೂಡಬಹುದಾದ ಕಾರನ್ನು 1952ರಲ್ಲಿ 2,000 ರೂಪಾಯಿಯ ಬೆಲೆಗೆಂದು ಸಿದ್ಧಪಡಿಸಿ, ಸರ್ಕಾರದ ಅನುಮತಿ ದೊರೆಯದೆ ಕೈಬಿಟ್ಟದ್ದೂ ಅವರ ಕಥೆಯ ಭಾಗಗಳೇ. ದೊಡ್ಡದನ್ನು ಚಿಕ್ಕದು ಮಾಡುವುದು, ಅಲ್ಲಿಯದನ್ನು ಇಲ್ಲಿಗೆ ಹೊಂದಿಸುವುದು, ಈ ಎರಡರಲ್ಲಿ ಅವರ ಪ್ರತಿಭೆ ನಿರಂತರವಾಗಿ ವಿಹರಿಸಿತು. 1945ರಲ್ಲಿ ಗವರ್ನರ್ ಆರ್ಥರ್ ಹೋಪನ ಹೆಸರಿನಲ್ಲಿ ಅವರ ನೆರವಿನಿಂದ ತಲೆಯೆತ್ತಿದ ಇಂಜಿನಿಯರಿಂಗ್ ಕಾಲೇಜಿಗೆ ತಾವೇ ಪ್ರಾಂಶುಪಾಲರಾಗಿದ್ದು, ನಾಲ್ಕು ವರ್ಷದ ವ್ಯಾಸಂಗ ಕಾಲಹರಣವೆಂದೂ ಎರಡು ವರ್ಷ ಸಾಕೆಂದೂ ವಾದಿಸಿ, ಸರ್ಕಾರ ಒಪ್ಪದಿರಲು ಹೊರಬಂದರು. ಅವರ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಸೇತುವೆಯ ಮೇಲೆ ನಡೆಯುವವನಾಗಿ, ಅದನ್ನು ಕಟ್ಟಿದವನು ನಾಲ್ಕು ವರ್ಷವೂ ಓದಿರಲೆಂದೇ ಹಾರೈಸುತ್ತೇನೆ. ಆದರೂ ಬಿಚ್ಚಿ ನೋಡದ ಕೈಗೆ ಪುಸ್ತಕ ಪ್ರಯೋಜನವಿಲ್ಲವೆಂಬ ಅವರ ಮೂಲಭಾವನೆಯನ್ನು ಅಲ್ಲಗಳೆಯುವವರಾರು?

ಈ ಊರಿಗೂ ಅದೇ ಕ್ರಮದಲ್ಲಿ ಕಸುಬು ಕೈಹತ್ತಿತು. 1888ರಲ್ಲಿ ಸ್ಟೇನ್ಸ್ ಎಂಬ ಆಂಗ್ಲನು ನೂಲಿನ ಗಿರಣಿಯನ್ನು ತೆಗೆದ. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದುವು. ಯಂತ್ರಗಳೆಲ್ಲ ಲಂಕಾಶೈರಿನವು, ಒಂದು ಹಲ್ಲುಚಕ್ರ ಮುರಿದರೆ ಹಡಗು ಬರುವವರೆಗೆ ಕಾಯಬೇಕು. ಕಾಯಲಾರದವರು ಮುರಿದ ಚಕ್ರವನ್ನೇ ಮರಳಿನ ಅಚ್ಚಿನಲ್ಲೊತ್ತಿ ಹೊಸದನ್ನು ಎರಕ ಹೊಯ್ದರು. ರಿಪೇರಿಯಿಂದ ಬಿಡಿಭಾಗಕ್ಕೆ, ಬಿಡಿಭಾಗದಿಂದ ಇಡೀ ಯಂತ್ರಕ್ಕೆ ಊರು ನಡೆದು ಬಂದ ದಾರಿಯಲ್ಲಿ, 1937ರಲ್ಲಿ ಪೀಳಮೇಡಿನಲ್ಲಿ ಡಿ. ಬಾಲಸುಂದರಂ ನಾಯುಡು ಮತ್ತು ಜಿ. ಡಿ. ನಾಯುಡು ಅವರ ಪ್ರಯತ್ನದಿಂದ ಸ್ವದೇಶಿ ವಿದ್ಯುತ್ ಮೋಟಾರು ಸಿದ್ಧವಾಯಿತು.

ಗಣಪತಿ ಎಂಬ ಬಡಾವಣೆಯ ಲೇತಿನ ಶೆಡ್ಡಿಗೆ ಹೋದದ್ದು ಆಯುಧಪೂಜೆಗೆ ಮುಂಚಿನ ದಿನ. ಹಬ್ಬಕ್ಕೆಂದು ನೆಲದ ಎಣ್ಣೆ ಜಿಡ್ಡನ್ನು ತಿಕ್ಕಿ ತೊಳೆಯುತ್ತಿದ್ದರು. ಆದರೂ ಟರ್ನರು ಹುಡುಗನ ಮುಖ ನೋಡಿ ಯಂತ್ರ ಹಾಕಿದ. ಸಮಸ್ಯೆ ಇಷ್ಟೇ: ಒಂದು ಡೋನರಿನ ಹೊರನಳಿಗೆಯ ಥ್ರೆಡ್ಡು 14 ಮಿಲಿಮೀಟರ್, ಅದೂ ಎಡಕ್ಕೆ ತಿರುಗುವಂಥದು, ಇನ್ನೊಂದರ ಒಡಲಿನ ಥ್ರೆಡ್ಡು ಬಲಕ್ಕೆ. ಇವೆರಡನ್ನೂ ಬೆಸೆಯಲು ನಡುವೆ ಒಂದಂಗುಲದ ಬುಷ್ಷು ಬೇಕು, ಒಂದು ತುದಿಯಲ್ಲಿ ಲೆಫ್ಟು, ಇನ್ನೊಂದರಲ್ಲಿ ರೈಟು. ಟರ್ನರು ಹಿತ್ತಾಳೆಯ ತುಂಡನ್ನು ಚಕ್ಕಿಗೆ ಕಚ್ಚಿಸಿ, ಟೂಲನ್ನು ತಾಕಿಸಿದೊಡನೆ ಹೊಂಬಣ್ಣದ ಚೂರುಗಳು ಸಿಡಿದು ಅವನ ಮಣಿಕಟ್ಟಿನ ಮೇಲೆ ಕೂತವು. ಅವನು ಒರೆಸಿಕೊಳ್ಳಲೂ ಇಲ್ಲ. ವರ್ನಿಯರ್ ಹಿಡಿದು ನೋಡಿ, “ಇನ್ನೂ ಎರಡು ಥೌ” ಎಂದ; ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು. ಮಿಲಿಮೀಟರಿನ ಡ್ರಾಯಿಂಗು ಮುಂದಿದ್ದರೂ ಬೆರಳಿನ ಲೆಕ್ಕ ಅಂಗುಲದ್ದೇ.

ಥ್ರೆಡ್ಡು ಮುಗಿದ ಮೇಲೆ ನಡುವೆ ತೂತು ಕೊರೆಯಬೇಕಿತ್ತು. ಡ್ರಿಲ್ಲನ್ನು ಕೈಗೆತ್ತಿಕೊಂಡವನು ಅದನ್ನು ಮರಳಿ ಇಟ್ಟ.

“ತಂಬಿ, ಇದಕ್ಕೆ ಓಟೆ ಬೇಡ. ಗಟ್ಟಿಯಾಗಿಯೇ ಇರಲಿ” ಎಂದು ತಮಿಳಿನಲ್ಲಿ ಹೇಳಿದ.

“ಹಾಗಾದರೆ ಗೋಲಿ ಹೋಗುವುದಿಲ್ಲವಲ್ಲ ಅಣ್ಣಾ.”

“ಮೋಟಾರು ಓಡುತ್ತೆ, ಗಿಯರು ತಿರುಗುತ್ತೆ, ಪಿಸ್ಟನ್ನು ಹೊಡೆಯುತ್ತೆ. ಗೋಲಿ ಯಾಕೆ? ನಾಳೆ ಪೊಲೀಸರು ಬಂದರೆ ಅವರಿಗೆ ಬುಷ್ಷು ತೋರಿಸು.”

ನಾನು ನಿಯಮಾವಳಿಯ ಅಂಕಿಗಳಿಂದ ಸಾಧಿಸಲಾಗದ್ದನ್ನು ಆತ ಒಂದಂಗುಲದ ಹಿತ್ತಾಳೆಯಿಂದ ಸಾಧಿಸಿದ. ಹುಡುಗ ಒಂದು ಕ್ಷಣ ಯೋಚಿಸಿ ತಲೆಯಾಡಿಸಿದನಲ್ಲದೆ, ಅವನ ಮುಖ ಅಷ್ಟೇನೂ ಬಾಡಲಿಲ್ಲ. ಅವನಿಗೆ ಬೇಕಾಗಿದ್ದುದು ಗುರಿಯಲ್ಲ, ಯಂತ್ರ ಎಂಬುದು ಆಗ ಸ್ಪಷ್ಟವಾಯಿತು.

ತಿರುಪ್ಪೂರಿಗೆ ಹೋದದ್ದು ವಿಜಯದಶಮಿ ಕಳೆದ ಮೇಲೆ, ಗಿಯರಿನ ಅಚ್ಚಿಗೆ 8 ಮಿಲಿಮೀಟರಿನ ಪುಟ್ಟ ಬೇರಿಂಗು ಹುಡುಕಿಕೊಂಡು. ದಾರಿಯಲ್ಲಿ ಅವಿನಾಶಿಯ ಶಿವಾಲಯದಲ್ಲಿ ಇಳಿದೆವು. ಮೊಸಳೆ ನುಂಗಿದ ಬಾಲಕನೊಬ್ಬನನ್ನು ಸುಂದರಮೂರ್ತಿ ನಾಯನಾರರು ಹಾಡಿ ಹೊರತರಿಸಿದರೆಂದೂ, ಬಾಲಕನು ಕಳೆದ ವರ್ಷಗಳಿಗೆ ತಕ್ಕಷ್ಟು ಬೆಳೆದೇ ಹೊರಬಂದನೆಂದೂ ಅಲ್ಲಿಯ ಸ್ಥಳಪುರಾಣ. ಗುಜರಿಯ ಹೊಟ್ಟೆಯಿಂದ ವಸ್ತುಗಳನ್ನು ಹೊರಗೆಳೆಯುವವನಿಗೆ ಇದಕ್ಕಿಂತ ಉಚಿತವಾದ ಕ್ಷೇತ್ರವಿಲ್ಲವೆಂದು ನಾನು ಹಾಸ್ಯ ಮಾಡಿದೆ. ಹುಡುಗ ಕೈಮುಗಿದು ಪ್ರದಕ್ಷಿಣೆ ಬಂದ.

ತಿರುಪ್ಪೂರು ಬನಿಯನ್ನಿನ ಊರು. 2009ರಲ್ಲಿ ಕೊಯಮತ್ತೂರು, ಈರೋಡುಗಳಿಂದ ಒಂದೊಂದು ಭಾಗವನ್ನು ತೆಗೆದು ಜಿಲ್ಲೆಯಾಯಿತು. ಅರ್ಥಾತ್ ಜಿಲ್ಲೆಯೂ ಡೋನರುಗಳಿಂದ ಆದದ್ದೇ. ಸ್ವಾತಂತ್ರ್ಯ ಹೋರಾಟದ ಬಾವುಟವನ್ನು ಬಿಡದೆ 1932ರ ಜನವರಿಯಲ್ಲಿ ಪ್ರಾಣ ಬಿಟ್ಟ ಕುಮಾರನ್ ಅವರ ಸ್ಮಾರಕವನ್ನು ನೋಡಿ, ನೊಯ್ಯಲ್ ನದಿಯ ಸೇತುವೆಯನ್ನು ದಾಟಿದೆವು. ಬಣ್ಣ ಹಾಕುವ ಕಾರ್ಖಾನೆಗಳ ಕೊಳೆ ಈ ನದಿಯನ್ನು ಎಷ್ಟು ಕೆಡಿಸಿತೆಂದರೆ 2011ರಲ್ಲಿ ಮದರಾಸು ಹೈಕೋರ್ಟು ಅವುಗಳಿಗೆಲ್ಲ ಬೀಗ ಹಾಕಿಸಬೇಕಾಯಿತು. ಕೈಚಳಕಕ್ಕೆ ಹೆಸರಾದ ಸೀಮೆ ತನ್ನ ನೀರಿನ ವಿಷಯದಲ್ಲಿ ತೋರಿದ ಉದಾಸೀನವನ್ನು ಕ್ಷಮಿಸುವುದು ಕಷ್ಟ. ಇಲ್ಲಿಯ ಹೆಣಿಗೆ ಯಂತ್ರಗಳಲ್ಲಿ ಅನೇಕವು ಯೂರೋಪಿನಲ್ಲಿ ಹಳತಾಗಿ ಕೈಬದಲಾಯಿಸಿ ಬಂದವು; ಒಂದು ಕೆಟ್ಟರೆ ಅದರ ಅಂಗ ಇನ್ನೊಂದಕ್ಕೆ. ಹೊಲಿಗೆ ಯಂತ್ರದ ಬಿಡಿಭಾಗಗಳ ಅಂಗಡಿಯೊಂದರಲ್ಲಿ, ಓವರ್‌ಲಾಕ್ ಯಂತ್ರದ ಹಳೆಯ ಸರಕಿನ ನಡುವೆ, ಬೇಕಾದ ಬೇರಿಂಗು ಸಿಕ್ಕಿತು. ಅಂಗಡಿಯವರು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹಿಂದಿರುಗುವ ಮುನ್ನ ಊತುಕುಳಿಗೂ ಹೋಗಿಬರಲೇಬೇಕೆಂದು ತಂಗಿ ಹೇಳಿದ್ದಳು, ಬೆಣ್ಣೆಗಾಗಿ. ಆ ಊರಿನ ಬೆಣ್ಣೆ ಆ ಕಡೆಯಲ್ಲೆಲ್ಲ ಪ್ರಸಿದ್ಧ. ಆದರೆ ಊತುಕುಳಿಗೆ ಇನ್ನೊಂದು ಕೀರ್ತಿಯುಂಟು, ಕಲ್ಲಿನದು. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಕಲ್ಲು ಒದಗುವುದು ಈ ಸುತ್ತಿನಿಂದಲೇ. 1955ರಲ್ಲಿ ಪಿ. ಸಭಾಪತಿ ಎಂಬವರು ರೂಪಿಸಿದರೆನ್ನಲಾಗುವ ಈ ಯಂತ್ರದಲ್ಲಿ ಹೊಸದೆಂಬುದು ಎಷ್ಟು ಅಲ್ಪವೆಂಬುದನ್ನು ಯೋಚಿಸಿ ನೋಡಿ. ಒರಳು ಅಜ್ಜಿಯದು, ಗುಂಡು ಅಜ್ಜಿಯದು, ಮೋಟಾರು ಪಂಪಿನದು. ಮನೆಯ ಒರಳಿನಲ್ಲಿ ಒರಳು ನಿಂತು ಗುಂಡು ತಿರುಗುತ್ತಿತ್ತು. ಇಲ್ಲಿ ಒರಳು ತಿರುಗುತ್ತದೆ, ಗುಂಡನ್ನು ಒಂದು ಸರಪಣಿಯೋ ಸರಳೋ ಹಿಡಿದು ನಿಲ್ಲಿಸುತ್ತದೆ. ಇಷ್ಟೇ ವ್ಯತ್ಯಾಸ. ಆ ತಿರುವುಮುರುವು ತಲೆಗೆ ಹೊಳೆಯುವವರೆಗೆ ಕೋಟ್ಯಂತರ ತಾಯಂದಿರ ತೋಳು ಸೋತಿತ್ತು. ಬಳಿಕ ಅದೂ ಕುಗ್ಗಿ, ಮೇಜಿನ ಮೇಲೆ ಕೂರುವ, ಓರೆ ಮಾಡಿ ಹಿಟ್ಟು ಸುರಿಯುವ ಚಿಕ್ಕ ಮಾದರಿಯಾಯಿತು. ‘ಕೊಯಮತ್ತೂರು ವೆಟ್ ಗ್ರೈಂಡರ್’ ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಎರವಲು ಭಾಗಗಳ ನಡುವೆ ತನ್ನದೇ ಆದ ಒಂದಂಗುಲವನ್ನಿಟ್ಟು ಅವನ್ನು ಹೊಸ ವಸ್ತುವಾಗಿಸುವ ಈ ಬುದ್ಧಿಯನ್ನು ಅನುಕರಣವೆಂದು ಹಳಿಯುವವರುಂಟು. ಅವರು ಒಂದು ಬುಷ್ಷನ್ನಾದರೂ ಅಳತೆಗೆ ಸರಿಯಾಗಿ ತೆಗೆದು ತೋರಿಸಲಿ.

ಬಂದೂಕು ಆ ರಾತ್ರಿ ಒಂದಾಯಿತು. ಗಿಯರುಗಳ ಅಕ್ಕಪಕ್ಕ ಕಾಗದದಷ್ಟು ತೆಳುವಾದ ವಾಷರುಗಳನ್ನು ಒಂದೊಂದಾಗಿ ಹಾಕಿ, ತೆಗೆದು, ಮತ್ತೆ ಹಾಕಿ, ಚಕ್ರ ಅಲುಗದೆಯೂ ಬಿಗಿಯಾಗದೆಯೂ ತಿರುಗುವ ಹದಕ್ಕೆ ತರುವ ಕೆಲಸದಲ್ಲಿಯೇ ಅವನಿಗೆ ಬಹಳ ಹೊತ್ತು ಹಿಡಿಯಿತು. ಕೀರಲು ಸದ್ದು ಹೋಗಿ ಒಂದೇ ಶ್ರುತಿಯ ಗುಂಯ್‌ಗಾಟ ಬಂದಾಗ ಅವನು ಸ್ಕ್ರೂ ಬಿಗಿದ. ಹೊರಮೈಗೆ ಕಡುಹಳದಿ ಬಣ್ಣ ಬಳಿಯಲು ಒಪ್ಪಿಕೊಂಡಿದ್ದಾನೆ. ಅದು ಏನನ್ನೂ ಹಾರಿಸುವುದಿಲ್ಲ. ಅವನು ಈಗ ಅದನ್ನು ಬಿಚ್ಚಿ ಇನ್ನೂ ಚಿಕ್ಕದು ಮಾಡುವ ಯೋಚನೆಯಲ್ಲಿದ್ದಾನೆಂದು ತಂಗಿಯ ಕಾಗದ ಬಂದಿದೆ.

ಓದುಗರಲ್ಲಿ ಒಂದು ಪ್ರಾರ್ಥನೆ. ಮೋಟಾರು ಸುಟ್ಟ ಮಿಕ್ಸಿ, ನಿಂತುಹೋದ ಗೋಡೆ ಗಡಿಯಾರ, ತಿರುಗದ ಫ್ಯಾನು, ಇಂಥವು ಮನೆಯಲ್ಲಿದ್ದರೆ ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ, ಮನೆಯ ಹುಡುಗನ ಅಥವಾ ಹುಡುಗಿಯ ಕೈಗೆ ಒಂದು ಸ್ಕ್ರೂಡ್ರೈವರನ್ನು ಕೊಟ್ಟು ಒಂದು ವಾರ ಅವರ ಪಾಡಿಗೆ ಬಿಡಿ. ಪ್ಲಗ್ಗನ್ನು ಮಾತ್ರ ಮೊದಲೇ ಕತ್ತರಿಸಿಡಿ.